ಆಸ್ಪತ್ರೆ, ನೀರು, ರಸ್ತೆ ಸರಿಯಿಲ್ಲದ ದೇಶಗಳಿಗೆ ಪ್ರವಾಸ: ನಿಜವಾಗಿ ಯಾವುದಕ್ಕೆ ಹೆದರಬೇಕು?

ಬೆನ್ನುಚೀಲ

ಎಲ್ಲರಿಗೂ ನಮಸ್ಕಾರ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಜೊತೆಗೆ ಸಕ್ಕರೆ ಕಾಯಿಲೆ ಇರುವ ಅಮ್ಮ. ಇಷ್ಟು ಜನ ಸೇರಿ ಒಂದು ದೊಡ್ಡ ಪ್ರವಾಸ ಹೊರಡಬೇಕು ಅಂತಿದ್ದೇವೆ. ದೇಶ ಇನ್ನೂ ಗಟ್ಟಿಯಾಗಿಲ್ಲ. ಪೂರ್ವ ಆಫ್ರಿಕಾ, ಆಂಡೀಸ್ ಬೆಟ್ಟಗಳು ಅಥವಾ ಆಗ್ನೇಯ ಏಷ್ಯಾ, ಈ ಮೂರರಲ್ಲಿ ಒಂದು. ಎಲ್ಲಿಗೆ ಹೋದರೂ ರಾಜಧಾನಿ ದಾಟಿದ ಮೇಲೆ ಒಳ್ಳೆಯ ಆಸ್ಪತ್ರೆ ದೂರ, ನಲ್ಲಿ ನೀರು ನಂಬುವ ಹಾಗಿಲ್ಲ.

ನೆಂಟರು ಆಗಲೇ ಹೆದರಿಸಲು ಶುರು ಮಾಡಿದ್ದಾರೆ. ಒಬ್ಬರು ಹಾವು ಅನ್ನುತ್ತಾರೆ, ಇನ್ನೊಬ್ಬರು ದರೋಡೆ, ಮತ್ತೊಬ್ಬರು ಎಬೋಲಾ. ನಾನೂ ಒಂದು ದೊಡ್ಡ ಡಬ್ಬಿ ತಂದು ಔಷಧಿ ತುಂಬಿಸುತ್ತಾ ಕೂತಿದ್ದೇನೆ. ಯಾವುದು ನಿಜವಾದ ಅಪಾಯ, ಯಾವುದನ್ನು ಸುಮ್ನೆ ಬಿಟ್ಟುಬಿಡಬಹುದು? ಹೋಗಿ ಬಂದವರು ಹೇಳಿ.

ರಾತ್ರಿಬಸ್ಸು

ಹಾವು, ಎಬೋಲಾ ಎರಡನ್ನೂ ಪಟ್ಟಿಯ ಕೊನೆಗೆ ತಳ್ಳಿ. ಮೊದಲ ಸಾಲಿನಲ್ಲಿ ರಸ್ತೆ ಅಂತ ಬರೆಯಿರಿ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಅದರಲ್ಲಿ ಶೇ 92ರಷ್ಟು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಗುತ್ತದೆ. ಜಗತ್ತಿನ ವಾಹನಗಳಲ್ಲಿ ಆ ದೇಶಗಳ ಪಾಲು ಶೇ 60ರ ಆಸುಪಾಸು ಅಷ್ಟೇ. 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣ. ನಿಮ್ಮ ಮಗಳೂ ಆ ವಯಸ್ಸಿನ ಗುಂಪಿನಲ್ಲೇ ಬರುತ್ತಾಳೆ.

ಇದನ್ನು ಕೇಳಿ ಎಲ್ಲರೂ ಹೌದು ಹೌದು ಅನ್ನುತ್ತಾರೆ. ಆಮೇಲೆ ವಿಮಾನ ಇಳಿದವರೇ ಸೀಟ್ ಬೆಲ್ಟ್ ಇಲ್ಲದ ಟ್ಯಾಕ್ಸಿ ಹತ್ತುತ್ತಾರೆ. ಸೊಳ್ಳೆಗೆ ಸಾವಿರ ಪ್ರಶ್ನೆ ಕೇಳುವವರು ಡ್ರೈವರ್‌ಗೆ ಒಂದು ಪ್ರಶ್ನೆಯೂ ಕೇಳುವುದಿಲ್ಲ. ವಿಚಿತ್ರ ಅಲ್ವಾ?

ನಾನು ಪಾಲಿಸುವುದು ಇಷ್ಟು. ಕತ್ತಲಾದ ಮೇಲೆ ಊರಿಂದ ಊರಿಗೆ ರಸ್ತೆ ಪ್ರಯಾಣ ಇಲ್ಲ. ದೀಪವಿಲ್ಲದ ಲಾರಿ, ರಸ್ತೆಗೆ ಬಂದು ಮಲಗುವ ದನಗಳು, ನಿದ್ದೆಗಣ್ಣಿನ ಡ್ರೈವರ್ ಎಲ್ಲ ಒಟ್ಟಿಗೆ ಸಿಗುವುದು ಆಗಲೇ. ಕಾರು ಗೊತ್ತು ಮಾಡುವಾಗಲೇ ಹಿಂದಿನ ಸೀಟಿನಲ್ಲೂ ಬೆಲ್ಟ್ ಇದೆಯಾ ಅಂತ ಕೇಳುತ್ತೇನೆ. ಎಷ್ಟೋ ಕಾರುಗಳಲ್ಲಿ ಬೆಲ್ಟ್ ಇರುತ್ತದೆ, ಸೀಟಿನ ಕವರ್ ಅಡಿಯಲ್ಲಿ ಹೂತುಹೋಗಿರುತ್ತದೆ. ಹೊರಡುವ ಮುಂಚೆ ಎಳೆದು ನೋಡಿ. ಡ್ರೈವರ್ ಕುಡಿದಿದ್ದರೆ ಅಥವಾ ಫೋನ್ ಬಿಡದಿದ್ದರೆ ಇಳಿದುಬಿಡಿ. ಕೊಟ್ಟ ದುಡ್ಡು ಹೋಗಲಿ.

ಇನ್ನೊಂದು ಮಾತು, ನಡೆಯುವವರಿಗೆ. ಎಡಬದಿ ಸಂಚಾರದ ದೇಶದಲ್ಲಿ ಬೆಳೆದವರು ಬಲಬದಿ ಸಂಚಾರದ ದೇಶದಲ್ಲಿ ರಸ್ತೆ ದಾಟುವಾಗ ಅಭ್ಯಾಸಬಲದಿಂದ ತಪ್ಪು ಕಡೆ ತಿರುಗುತ್ತಾರೆ. ಮೊದಲ ಕೆಲವು ದಿನ ಎರಡೂ ಕಡೆ ಎರಡೆರಡು ಸಲ ನೋಡಿ. ಮಗಳ ಕೈ ಬಿಡಬೇಡಿ.

ಗುಡ್ಡದದಾರಿ

ರಾತ್ರಿಬಸ್ಸು ಅವರೇ, ಹಗಲು ಬಸ್ಸು ಅಂತ ಹೆಸರಿಟ್ಟುಕೊಳ್ಳಬೇಕಿತ್ತು ನೀವು. :)

ಆದರೆ ಇಷ್ಟೊಂದು ಹೆದರಿದರೆ ಪ್ರವಾಸ ಯಾಕೆ? ಬಾಡಿಗೆ ಸ್ಕೂಟರ್ ತಗೊಂಡು ಹಳ್ಳಿ ಸುತ್ತುವುದರಲ್ಲಿ ಸಿಗುವ ಸುಖ ಕಾರಿನ ಗಾಜಿನ ಹಿಂದೆ ಸಿಗುವುದಿಲ್ಲ. ನಾನಂತೂ ಎಲ್ಲಿ ಹೋದರೂ ಸ್ಕೂಟರೇ.

ರಾತ್ರಿಬಸ್ಸು

ಸುಖ ಇದೆ, ಇಲ್ಲ ಅನ್ನುವುದಿಲ್ಲ. ಎರಡು ಪ್ರಶ್ನೆ ಮಾತ್ರ. ನಿಮ್ಮ ಹತ್ತಿರ ದ್ವಿಚಕ್ರ ವಾಹನದ ಲೈಸೆನ್ಸ್ ಇದೆಯಾ? ಆ ದೇಶದಲ್ಲಿ ಅದು ನಡೆಯುತ್ತದಾ?

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಂತ ಒಂದು ಪುಸ್ತಕ ಕೊಡುತ್ತಾರೆ. ಅದು ಲೈಸೆನ್ಸ್ ಅಲ್ಲ, ನಿಮ್ಮ ಮೂಲ ಲೈಸೆನ್ಸಿನ ಅನುವಾದ. 1949ರ ಜಿನೀವಾ ಒಪ್ಪಂದದ್ದು ಒಂದು, 1968ರ ವಿಯೆನ್ನಾ ಒಪ್ಪಂದದ್ದು ಇನ್ನೊಂದು. ಕೆಲವು ದೇಶ ಒಂದನ್ನೇ ಒಪ್ಪುತ್ತವೆ. ಮೂಲ ಲೈಸೆನ್ಸಿನಲ್ಲಿ ಕಾರು ಮಾತ್ರ ಇದ್ದರೆ ಪರ್ಮಿಟ್ ಇದ್ದರೂ ಸ್ಕೂಟರ್ ಓಡಿಸುವ ಹಾಗಿಲ್ಲ. ಬಾಡಿಗೆ ಅಂಗಡಿಯವನು ಇದನ್ನೆಲ್ಲ ಕೇಳುವುದಿಲ್ಲ. ಕೇಳುವುದು ವಿಮಾ ಕಂಪನಿಯವರು. ಅದೂ ಕಾಲು ಮುರಿದು ಆಸ್ಪತ್ರೆ ಸೇರಿದ ಮೇಲೆ. ಎಷ್ಟೋ ಪಾಲಿಸಿಗಳಲ್ಲಿ ಲೈಸೆನ್ಸ್ ಇಲ್ಲದೆ, ಹೆಲ್ಮೆಟ್ ಇಲ್ಲದೆ ಅಥವಾ ಕುಡಿದು ಓಡಿಸಿದರೆ ಒಂದು ಪೈಸೆಯೂ ಬರುವುದಿಲ್ಲ.

ಹೆಲ್ಮೆಟ್ ಅಂದರೆ ಪಟ್ಟಿ ಬಿಗಿದ ಹೆಲ್ಮೆಟ್. ಬಾಡಿಗೆ ಅಂಗಡಿಯಲ್ಲಿ ಕೊಡುವ ಬಿರುಕು ಬಿಟ್ಟ ಚಿಪ್ಪು ಅಲ್ಲ.

ವಾರ್ಡ್‌ಡ್ಯೂಟಿ

ನಾನು ವೃತ್ತಿಯಲ್ಲಿ ವೈದ್ಯೆ. ಮೇಲೆ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಈಗ ಚುಚ್ಚುಮದ್ದಿನ ವಿಷಯ.

ಬೆನ್ನುಚೀಲ ಅವರೇ, ಔಷಧಿ ಡಬ್ಬಿ ಆಮೇಲೆ ತುಂಬಿಸಿ. ಮೊದಲು ದೇಶ ಗಟ್ಟಿ ಮಾಡಿ, ಹೊರಡುವುದಕ್ಕೆ ಆರು ವಾರ ಇರುವಾಗಲೇ ಪ್ರವಾಸದ ಲಸಿಕೆ ಕೊಡುವ ವೈದ್ಯರನ್ನು ಕಾಣಿ. ಕೆಲವು ಲಸಿಕೆಗೆ ಎರಡು ಮೂರು ಡೋಸ್ ಬೇಕು. ಹಾಕಿಸಿಕೊಂಡ ಮರುದಿನವೇ ಯಾವುದೂ ಕೆಲಸ ಮಾಡುವುದಿಲ್ಲ.

ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಇಲ್ಲಿ ಎರಡು ಸಂಗತಿ ಬೇರೆ ಬೇರೆ ಅಂತ ಗೊತ್ತಿರಲಿ. ನಿಮ್ಮನ್ನು ರೋಗದಿಂದ ಕಾಪಾಡಲು ಲಸಿಕೆ ಒಂದು ಕಡೆ, ಗಡಿಯಲ್ಲಿ ತೋರಿಸಲು ಹಳದಿ ಕಾರ್ಡು ಇನ್ನೊಂದು ಕಡೆ. ರೋಗ ಇರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಜಾಸ್ತಿ ಕಾದು ಮುಂದಿನ ವಿಮಾನ ಹತ್ತಿದರೂ ಎಷ್ಟೋ ದೇಶಗಳು ಕಾರ್ಡು ಕೇಳುತ್ತವೆ. ಲಸಿಕೆ ಹಾಕಿಸಿದ 10 ದಿನದ ನಂತರವೇ ಕಾರ್ಡಿಗೆ ಬೆಲೆ ಬರುತ್ತದೆ. ಮೊದಲು ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಿತ್ತು. 2016ರ ಜುಲೈ 11ರಿಂದ ಒಂದು ಸಲ ಹಾಕಿಸಿದರೆ ಆ ಕಾರ್ಡು ಜೀವನಪೂರ್ತಿ ನಡೆಯುತ್ತದೆ. ಇದು ಜೀವಂತ ವೈರಸ್ ಇರುವ ಲಸಿಕೆ. 60 ದಾಟಿದವರಿಗೆ ಮೊದಲ ಸಲ ಹಾಕುವಾಗ ಲಾಭ ನಷ್ಟ ತೂಗಿ ನೋಡುತ್ತೇವೆ. ನಿಮ್ಮ ತಾಯಿಯವರ ವಯಸ್ಸು ಹೇಳಿಯೇ ಮಾತಾಡಿ.

ಹೆಪಟೈಟಿಸ್ ಎ, ಟೈಫಾಯ್ಡ್, ಟೆಟನಸ್, ದಡಾರ ಇವುಗಳ ಬಗ್ಗೆ ನಿಮ್ಮ ವೈದ್ಯರೇ ಹೇಳುತ್ತಾರೆ. ನಾನು ಒತ್ತಿ ಹೇಳಬೇಕಾದದ್ದು ರೇಬೀಸ್.

ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ಬಂದವರು ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ಕಚ್ಚಿದ ಕೂಡಲೇ ಸರಿಯಾಗಿ ನಡೆದುಕೊಂಡರೆ ಪೂರ್ತಿ ತಡೆಯಬಹುದು. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ 99ರಷ್ಟು ನಾಯಿಯಿಂದಲೇ ಬರುತ್ತದೆ. ಮಂಗ, ಬೆಕ್ಕು, ಬಾವಲಿಯನ್ನೂ ನಂಬಬೇಡಿ. ಕಚ್ಚಿದರೆ, ಪರಚಿದರೆ, ಗಾಯ ಇರುವ ಜಾಗ ನೆಕ್ಕಿದರೆ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. 15 ನಿಮಿಷ ಅನ್ನುವುದು ನಾವು ಅಂದುಕೊಳ್ಳುವುದಕ್ಕಿಂತ ತುಂಬಾ ಉದ್ದ. ಆಮೇಲೆ ಅದೇ ದಿನ ಆಸ್ಪತ್ರೆ.

ತೊಡಕು ಇರುವುದು ಇಲ್ಲಿ. ಮೊದಲು ಲಸಿಕೆ ಹಾಕಿಸಿರದವರಿಗೆ ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಮದ್ದನ್ನು ಗಾಯದ ಸುತ್ತ ಚುಚ್ಚಬೇಕು. ಬಡ ದೇಶಗಳಲ್ಲಿ ಅದು ಎಷ್ಟೋ ಕಡೆ ಸಿಗುವುದೇ ಇಲ್ಲ. ಹೊರಡುವ ಮುಂಚೆಯೇ ವಾರದ ಅಂತರದಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರೆ ಆ ಮದ್ದು ಬೇಡ. ಕಚ್ಚಿದ ಮೇಲೆ ಲಸಿಕೆಯ ಬೂಸ್ಟರ್ ಹಾಕಿಸಿದರೆ ಸಾಕು. ಎಂಟು ವರ್ಷದ ಮಗು ನಾಯಿಮರಿ ಕಂಡರೆ ಮುಟ್ಟದೆ ಇರುತ್ತದಾ? ಪರಚಿದರೆ ಅಪ್ಪ ಅಮ್ಮ ಬೈಯುತ್ತಾರೆ ಅಂತ ಹೇಳದೆಯೂ ಇರಬಹುದು. ಬೈಯುವುದಿಲ್ಲ ಅಂತ ಮೊದಲೇ ಹೇಳಿಡಿ.

ಬೆನ್ನುಚೀಲ

ಡಾಕ್ಟರ್ ಮೇಡಂ, ತುಂಬಾ ಧನ್ಯವಾದ. ರೇಬೀಸ್ ನನ್ನ ತಲೆಯಲ್ಲೇ ಇರಲಿಲ್ಲ. ಮಗಳಿಗೆ ಇವತ್ತೇ ಹೇಳುತ್ತೇನೆ.

ಹೊಟ್ಟೆ ವಿಷಯ ಹೇಳಿ. ಹೆಂಡತಿಗೆ ಅದೇ ದೊಡ್ಡ ಚಿಂತೆ.

ಉಪ್ಪುಸಕ್ಕರೆ

ಹೊಟ್ಟೆ ಕೆಡುತ್ತದೆ ಅಂತ ಮೊದಲೇ ಒಪ್ಪಿಕೊಂಡು ಹೊರಡಿ. ಎರಡು ವಾರದ ಪ್ರವಾಸದಲ್ಲಿ ನೂರಕ್ಕೆ 30ರಿಂದ 70 ಜನಕ್ಕೆ ಭೇದಿ ಆಗುತ್ತದೆ. ಯಾವ ದೇಶ, ಯಾವ ಕಾಲ ಅನ್ನುವುದರ ಮೇಲೆ ಹೆಚ್ಚು ಕಡಿಮೆ. ಬಹುಪಾಲು ಬ್ಯಾಕ್ಟೀರಿಯಾದಿಂದ ಬರುವುದು. ಔಷಧಿ ಇಲ್ಲದೆಯೂ ಮೂರರಿಂದ ಐದು ದಿನದಲ್ಲಿ ತಾನೇ ನಿಲ್ಲುತ್ತದೆ.

ಕುದಿಸಿ, ಬೇಯಿಸಿ, ಸಿಪ್ಪೆ ಸುಲಿಯಿರಿ, ಇಲ್ಲದಿದ್ದರೆ ಬಿಟ್ಟುಬಿಡಿ ಅನ್ನುವ ಹಳೇ ಸೂತ್ರ ಇದೆಯಲ್ಲ, ಅದು ಒಳ್ಳೆಯದೇ. ಆದರೆ ಅದನ್ನು ಚಾಚೂ ತಪ್ಪದೆ ಪಾಲಿಸಿದವರಿಗೂ ಭೇದಿ ಆಗುತ್ತದೆ. ಯಾಕೆಂದರೆ ಅಡುಗೆ ಮಾಡಿದವರು ಕೈ ತೊಳೆದಿದ್ದಾರಾ, ತಟ್ಟೆ ಎಲ್ಲಿ ತೊಳೆದರು, ಫ್ರಿಜ್‌ಗೆ ಕರೆಂಟ್ ಇತ್ತಾ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಜನ ಕಿಕ್ಕಿರಿದು ತಿನ್ನುವ, ಕಣ್ಣೆದುರೇ ಬಾಣಲೆಯಿಂದ ಬಿಸಿಬಿಸಿ ತೆಗೆದುಕೊಡುವ ಬೀದಿ ಅಂಗಡಿ ಒಂದು ಕಡೆ. ಗಂಟೆಗಟ್ಟಲೆ ಉಗುರುಬೆಚ್ಚಗೆ ಇಟ್ಟಿರುವ ದೊಡ್ಡ ಹೋಟೆಲಿನ ಬಫೆ ಇನ್ನೊಂದು ಕಡೆ. ನಾನು ಮೊದಲನೆಯದಕ್ಕೇ ಹೋಗುತ್ತೇನೆ.

ಐಸ್, ಹಸಿ ಸೊಪ್ಪು, ಕತ್ತರಿಸಿ ಇಟ್ಟ ಹಣ್ಣು ಬೇಡ. ಹಲ್ಲುಜ್ಜಲೂ ಬಾಟಲಿ ನೀರೇ. ಬಾಟಲಿಯ ಸೀಲ್ ನೀವೇ ಒಡೆಯಬೇಕು.

ಗುಡ್ಡದದಾರಿ

ಬಾಟಲಿ ನೀರು ಸಿಗದ ಕಡೆ? ಪ್ಲಾಸ್ಟಿಕ್ ಗುಡ್ಡೆ ಬೇರೆ. ನಾನು ಫಿಲ್ಟರ್ ಒಯ್ಯುತ್ತೇನೆ.

ಉಪ್ಪುಸಕ್ಕರೆ

ಫಿಲ್ಟರ್ ಒಳ್ಳೆಯದು, ಆದರೆ ಅದು ಏನನ್ನು ತಡೆಯುತ್ತದೆ ಅಂತ ಗೊತ್ತಿರಬೇಕು. ಬೆನ್ನಿಗೆ ಹಾಕಿಕೊಂಡು ಹೋಗುವ ಸಾಮಾನ್ಯ ಫಿಲ್ಟರ್‌ಗಳು ಬ್ಯಾಕ್ಟೀರಿಯಾವನ್ನೂ, ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಭೇದಿ ತರುವ ಪರಾವಲಂಬಿಗಳನ್ನೂ ತಡೆಯುತ್ತವೆ. ವೈರಸ್ ತೀರಾ ಸಣ್ಣದು, ನುಸುಳಿ ಹೋಗುತ್ತದೆ. ಕ್ಲೋರಿನ್ ಮಾತ್ರೆ ವೈರಸ್, ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆದರೆ ಕ್ರಿಪ್ಟೋಸ್ಪೊರಿಡಿಯಂ ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಬಳಸುವವರು ಇದ್ದಾರೆ. ನೀರಿನ ಕ್ರಿಮಿ ಕೊಲ್ಲುವ ಯುವಿ ದೀಪಕ್ಕೆ ನೀರು ತಿಳಿಯಾಗಿರಬೇಕು, ಬ್ಯಾಟರಿಯೂ ಬೇಕು.

ಎಲ್ಲಕ್ಕಿಂತ ನಂಬಬಹುದಾದದ್ದು ಕುದಿಸುವುದು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಹತ್ತಿಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಡಬೇಕಾಗಿಲ್ಲ. 2,000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ, ಯಾಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ.

ಆಮೇಲೆ, ಭೇದಿ ಆದಾಗ ಓಆರ್‌ಎಸ್. ನನ್ನ ಹೆಸರೇ ಅದು, ಬಿಡುತ್ತೇನಾ? 1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲಾನಬಿಸ್ ಅವರ ತಂಡಕ್ಕೆ ಸಲೈನ್ ಸಾಲದೆ ಬಂತು. ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿ ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಸಾವು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ಇಳಿಯಿತು. ಸಕ್ಕರೆ ಇದ್ದರೆ ಕರುಳು ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಅಷ್ಟೇ ಅದರ ಗುಟ್ಟು.

ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಒಂದು ಲೀಟರ್ ಅಂತಿದ್ದರೆ ಒಂದು ಲೀಟರ್. ಲೋಟಕ್ಕೆ ಪೂರ್ತಿ ಪ್ಯಾಕೆಟ್ ಸುರಿಯಬೇಡಿ, ಮಕ್ಕಳಿಗೆ ಅಪಾಯ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕಿಟಕಿಸೀಟು

ಇಷ್ಟೆಲ್ಲ ಯಾಕೆ? ಒಂದು ಪಟ್ಟಿ ಸಿಪ್ರೊಫ್ಲಾಕ್ಸಸಿನ್ ಆಂಟಿಬಯೋಟಿಕ್ ಇಟ್ಟುಕೊಂಡು ಹೋಗಿ. ಹೊಟ್ಟೆ ಗುಡುಗಿದ ತಕ್ಷಣ ನುಂಗಿ. ನಮ್ಮ ಗುಂಪಿನಲ್ಲಿ ಎಲ್ಲರೂ ಅದನ್ನೇ ಮಾಡುವುದು.

ವಾರ್ಡ್‌ಡ್ಯೂಟಿ

ಕಿಟಕಿಸೀಟು ಅವರೇ, ದಯವಿಟ್ಟು ಬೇಡ. ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾದ ಎಷ್ಟೋ ಬ್ಯಾಕ್ಟೀರಿಯಾ ಸಿಪ್ರೊಗೆ ಈಗ ಬಗ್ಗುವುದೇ ಇಲ್ಲ. ಆ ಕಡೆ ಹೋಗುವವರಿಗೆ ಬೇಕಾದರೆ ಅಜಿಥ್ರೊಮೈಸಿನ್ ಬರೆದುಕೊಡುತ್ತೇವೆ. ಸಾಧಾರಣ ಭೇದಿಗೆ ಅದೂ ಬೇಡ. ಸುಮ್ನೆ ಆಂಟಿಬಯೋಟಿಕ್ ನುಂಗಿದವರು ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾರೆ.

ಎದ್ದು ಓಡಾಡಲೂ ಆಗದಷ್ಟು ಭೇದಿ, ಜೋರು ಜ್ವರ, ಮಲದಲ್ಲಿ ರಕ್ತ. ಇವು ಇದ್ದರೆ ಆಂಟಿಬಯೋಟಿಕ್ ಮಾತು ಬರುತ್ತದೆ, ಆಗ ವೈದ್ಯರನ್ನೂ ಕಾಣಬೇಕು. ಲೊಪೆರಮೈಡ್ ಅಂದರೆ ಭೇದಿ ನಿಲ್ಲಿಸುವ ಮಾತ್ರೆ ದೊಡ್ಡವರಿಗೆ ಬಸ್ ಪ್ರಯಾಣದ ದಿನ ಉಪಕಾರಕ್ಕೆ ಬರುತ್ತದೆ. ಜ್ವರ, ರಕ್ತ ಇದ್ದಾಗ ತಗೊಳ್ಳಬಾರದು. ಚಿಕ್ಕ ಮಕ್ಕಳಿಗೆ ಕೊಡಬೇಡಿ.

ಬೆನ್ನುಚೀಲ ಅವರ ತಾಯಿಗೆ ಒಂದು ಮಾತು. ಓಆರ್‌ಎಸ್‌ನಲ್ಲಿ ಸಕ್ಕರೆ ಇದೆ ಅಂತ ಕುಡಿಯದೆ ಇರಬಾರದು. ನೀರು ಕಳೆದುಕೊಂಡಾಗ ಅದು ಬೇಕೇ ಬೇಕು. ಶುಗರ್ ಆಗಾಗ ನೋಡಿಕೊಂಡರೆ ಆಯಿತು. ವಾಂತಿ ಭೇದಿ ಆದ ದಿನ ಸಕ್ಕರೆ ಕಾಯಿಲೆಯ, ಬಿಪಿಯ ಕೆಲವು ಮಾತ್ರೆ ನಿಲ್ಲಿಸಬೇಕಾಗುತ್ತದೆ. ಯಾವುದು ಅಂತ ಅವರ ವೈದ್ಯರಿಂದ ಹೊರಡುವ ಮುಂಚೆಯೇ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಇದ್ದರೆ ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು, ಚೀಲವೇ ಕಳೆದುಹೋಗಲೂಬಹುದು. ಬರಿಗಾಲಲ್ಲಿ ಮರಳಿನ ಮೇಲೂ ನಡೆಯುವುದು ಬೇಡ.

ಹಳೇನಕ್ಷೆ

ಔಷಧಿ ಮಾತು ಬಂದಿತು, ಅದಕ್ಕೆ ಹೇಳುತ್ತೇನೆ. ದಿನಾ ತಗೊಳ್ಳುವ ಮಾತ್ರೆಗಳನ್ನು ಮನೆಯಿಂದಲೇ, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಒಯ್ಯಿರಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿದ ಪ್ರಕಾರ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಿಗುವ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ. ಅದರಲ್ಲೂ ಮಲೇರಿಯಾ ಮಾತ್ರೆ, ಆಂಟಿಬಯೋಟಿಕ್ ಜಾಸ್ತಿ. ತೀರಾ ಬೇಕಾದರೆ ದೊಡ್ಡ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೊಳ್ಳಿ. ಸಂತೆಯಲ್ಲಿ ಬಿಡಿ ಮಾತ್ರೆ ಬೇಡ.

ಮಾತ್ರೆಗಳು ಮೂಲ ಪ್ಯಾಕೆಟ್ಟಿನಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ. ಒಂದು ದೇಶದಲ್ಲಿ ಸಾಮಾನ್ಯ ನೋವಿನ ಮಾತ್ರೆ ಅನ್ನಿಸಿಕೊಂಡದ್ದು ಇನ್ನೊಂದು ದೇಶದಲ್ಲಿ ಮಾದಕ ವಸ್ತು. ಟ್ರಮಡಾಲ್, ಕೊಡೀನ್ ಇರುವ ಔಷಧಿ ಇದ್ದರೆ ಆ ದೇಶದ ರಾಯಭಾರ ಕಚೇರಿಯ ನಿಯಮ ನೋಡಿಯೇ ಹೊರಡಿ.

ಮಳೆಹುಳ

ಮಲೇರಿಯಾಕ್ಕೆ ಮಾತ್ರೆ ತಗೊಳ್ಳಬೇಕಾ? ನಾನು ಹುಟ್ಟಿ ಬೆಳೆದದ್ದೇ ಮಲೇರಿಯಾ ಇರುವ ಕಡೆ. ಚಿಕ್ಕವಳಿದ್ದಾಗ ಬಂದು ಹೋಗಿದೆ. ನಮ್ಮಂಥವರಿಗೆ ಮೈಯಲ್ಲಿ ಶಕ್ತಿ ಇರುತ್ತದೆ ಅನ್ನುತ್ತಾರಲ್ಲ?

ವಾರ್ಡ್‌ಡ್ಯೂಟಿ

ಇಲ್ಲ. ಇದು ತುಂಬಾ ಜನ ನಂಬುವ ಮಾತು, ತುಂಬಾ ಜನರನ್ನು ಆಸ್ಪತ್ರೆಗೆ ತಂದ ಮಾತು ಕೂಡ. ಮಲೇರಿಯಾ ವಿರುದ್ಧ ಮೈಗೆ ಬರುವ ಅರೆಬರೆ ರಕ್ಷಣೆ ಮತ್ತೆ ಮತ್ತೆ ಸೋಂಕು ತಗಲುತ್ತಿದ್ದರೆ ಮಾತ್ರ ಉಳಿಯುತ್ತದೆ. ಊರು ಬಿಟ್ಟ ಮೇಲೆ ಕರಗಿ ಹೋಗುತ್ತದೆ. ಹುಟ್ಟಿದ ದೇಶಕ್ಕೆ ನೆಂಟರನ್ನು ನೋಡಲು ಹೋಗುವವರಿಗೇ ಬೇರೆ ಪ್ರವಾಸಿಗರಿಗಿಂತ ಮಲೇರಿಯಾ ಜಾಸ್ತಿ ಬರುತ್ತದೆ. ಅವರು ಮಾತ್ರೆ ತಗೊಳ್ಳುವುದಿಲ್ಲ, ಪರದೆ ಕಟ್ಟುವುದಿಲ್ಲ, ಹೆಚ್ಚು ದಿನ ಇರುತ್ತಾರೆ. ಮಲೇರಿಯಾ ಇಲ್ಲದ ಕಡೆ ಹುಟ್ಟಿದ ಅವರ ಮಕ್ಕಳಿಗಂತೂ ಯಾವ ರಕ್ಷಣೆಯೂ ಇಲ್ಲ.

ಮಾತ್ರೆ ಯಾವುದು ಅನ್ನುವುದು ಜಾಗದ ಮೇಲೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮುಂಚೆ ಶುರು ಮಾಡಿ ಬಂದ ಮೇಲೆ ಏಳು ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ ನಾಲ್ಕು ವಾರ. ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಕೊಡುವುದಿಲ್ಲ. ಮನೆಗೆ ಬಂದ ಖುಷಿಯಲ್ಲಿ ಮಾತ್ರೆ ನಿಲ್ಲಿಸುವವರೇ ಜಾಸ್ತಿ. ಪರಾವಲಂಬಿ ಆಗ ಇನ್ನೂ ಯಕೃತ್ತಿನಲ್ಲಿ ಕೂತಿರಬಹುದು.

ಮಳೆಹುಳ

ಸರಿ ಮೇಡಂ. ಬೇವಿನೆಣ್ಣೆ ಹಚ್ಚಿಕೊಂಡರೆ?

ವಾರ್ಡ್‌ಡ್ಯೂಟಿ

ಅದರ ಮೇಲೆ ಜೀವ ಇಡಬೇಡಿ. ಸೊಳ್ಳೆ ಓಡಿಸುವ ಮುಲಾಮಿನಲ್ಲಿ ಡೀಟ್ 20ರಿಂದ 50 ಪ್ರತಿಶತ ಇರುವುದು ಅಥವಾ ಪಿಕಾರಿಡಿನ್ 20 ಪ್ರತಿಶತ ಇರುವುದು ಕೊಳ್ಳಿ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಮೊದಲು ಅದು, ಒಣಗಿದ ಮೇಲೆ ಇದು. ಮಲೇರಿಯಾ ತರುವ ಅನಾಫಿಲಿಸ್ ಸೊಳ್ಳೆ ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಡೆಂಗಿ, ಝಿಕಾ ತರುವ ಈಡಿಸ್ ಹಗಲಿನಲ್ಲೇ ಕಚ್ಚುತ್ತದೆ. ಅಂದರೆ ಪರದೆ ಒಂದೇ ಸಾಲದು, ಹಗಲಲ್ಲೂ ತುಂಬು ತೋಳಿನ ಬಟ್ಟೆ ಬೇಕು. ಗರ್ಭಿಣಿಯರು ಮಲೇರಿಯಾ, ಝಿಕಾ ಇರುವ ಕಡೆಗೆ ಹೋಗುವುದನ್ನು ಮುಂದೂಡುವುದೇ ಒಳ್ಳೆಯದು.

ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಇದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ತಗೊಂಡರೆ ರಕ್ತಸ್ರಾವದ ಅಪಾಯ.

ಎರಡನೇಕೀಲಿ

ಕಾಯಿಲೆ ಸಾಕು, ಕಳ್ಳರ ಕಡೆ ಬರೋಣ. ನಾನು ಒಬ್ಬಳೇ ತಿರುಗುವವಳು.

ಕತ್ತಿ ತೋರಿಸಿ ಚೀಲ ಕೇಳಿದರೆ ಕೊಟ್ಟುಬಿಡಿ. ವಾದ ಬೇಡ. ಇದಕ್ಕಾಗಿಯೇ ದುಡ್ಡು ಎರಡು ಮೂರು ಕಡೆ ಹಂಚಿಟ್ಟಿರಬೇಕು. ದಿನದ ಖರ್ಚಿನದು ಒಂದು ಸಣ್ಣ ಪರ್ಸಿನಲ್ಲಿ, ಇನ್ನೊಂದು ಕಾರ್ಡು ರೂಮಿನಲ್ಲಿ. ಪಾಸ್‌ಪೋರ್ಟಿನ ಫೋಟೊ ಈಮೇಲಿನಲ್ಲಿ ಇರಲಿ, ಒಂದು ಜೆರಾಕ್ಸ್ ಬೇರೆ ಚೀಲದಲ್ಲಿ ಇರಲಿ. ಎಟಿಎಂ ಬಳಸುವುದು ಹಗಲು ಹೊತ್ತು, ಬ್ಯಾಂಕಿನ ಒಳಗೆ ಇರುವುದನ್ನೇ.

ರೂಮು ಕೇಳುವಾಗ ನೆಲಮಹಡಿ ಬೇಡ, ತೀರಾ ಮೇಲಿನದೂ ಬೇಡ. ಅಗ್ನಿಶಾಮಕ ಏಣಿ ಮುಟ್ಟುವಷ್ಟು ಎತ್ತರ ಸಾಕು. ಹೋದ ಕೂಡಲೇ ಮೆಟ್ಟಿಲು ಎಲ್ಲಿದೆ ಅಂತ ಒಮ್ಮೆ ನಡೆದು ನೋಡುತ್ತೇನೆ. ಬಾಗಿಲಿಗೆ ಸಿಕ್ಕಿಸುವ ರಬ್ಬರ್ ಬೆಣೆ ಒಂದು ಸದಾ ಚೀಲದಲ್ಲಿರುತ್ತದೆ. ರಿಸೆಪ್ಷನ್‌ನಲ್ಲಿ ರೂಮ್ ನಂಬರ್ ಜೋರಾಗಿ ಕೂಗಿದರೆ ಬೇರೆ ರೂಮ್ ಕೊಡಿ ಅನ್ನುತ್ತೇನೆ. ಮುಜುಗರ ಅವರಿಗಾಗಲಿ, ನನಗಲ್ಲ.

ಕುಡಿಯುವವರಿಗೆ ಒಂದು ಮಾತು, ಇದು ಸಣ್ಣ ವಿಷಯ ಅಲ್ಲ. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಅನ್ನುವ ವಿಷ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಮೆಥನಾಲ್‌ಗೆ ಬೇರೆ ರುಚಿ, ವಾಸನೆ ಇರುವುದಿಲ್ಲ. ಪುಕ್ಕಟೆ ಶಾಟ್, ಬಕೆಟ್‌ನಲ್ಲಿ ಕಲಸಿ ಕೊಡುವ ಮದ್ಯ, ಲೇಬಲ್ ಇಲ್ಲದ ಬಾಟಲಿ ಮುಟ್ಟಬೇಡಿ. ಲಕ್ಷಣ ಎಷ್ಟೋ ಸಲ ಮರುದಿನ ಬರುತ್ತದೆ, ಹ್ಯಾಂಗೋವರ್ ಅಂದುಕೊಂಡು ಮಲಗಿಬಿಡುತ್ತಾರೆ. ಕಣ್ಣು ಮಂಜಾದರೆ, ಹಿಮ ಬಿದ್ದ ಹಾಗೆ ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆ. ಮದ್ದು ಇದೆ, ಬೇಗ ಕೊಡಬೇಕು.

ಕಿಟಕಿಸೀಟು

ಸಿಪ್ರೊ ಪಟ್ಟಿ ವಾಪಸ್ ಇಟ್ಟೆ, ಡಾಕ್ಟರ್ ಮೇಡಂ. ಆದರೆ ಆಂಡೀಸ್‌ಗೆ ಹೋಗುವವರಿಗೆ ನಾನೂ ಒಂದು ಹೇಳಬೇಕು. ಬೊಲಿವಿಯಾದ ಲಾ ಪಾಸ್ ನಗರದ ವಿಮಾನ ನಿಲ್ದಾಣವೇ 4,000 ಮೀಟರ್‌ಗಿಂತ ಮೇಲಿದೆ. ಪೆರುವಿನ ಕುಸ್ಕೊ 3,400 ಮೀಟರ್. ವಿಮಾನದಲ್ಲಿ ನೇರವಾಗಿ ಅಲ್ಲಿ ಇಳಿದರೆ ಪೈಲ್ವಾನರಿಗೂ ತಲೆ ಸಿಡಿಯುತ್ತದೆ. ಫಿಟ್‌ನೆಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಮೊದಲ ಎರಡು ದಿನ ಕಡಿಮೆ ಎತ್ತರದ ಊರಿನಲ್ಲಿ ಉಳಿದು ಹತ್ತಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಏರಿಸಬಾರದು. ಅಸೆಟಜೋಲಮೈಡ್ ಮಾತ್ರೆ ಸಹಾಯ ಮಾಡುತ್ತದೆ, ವೈದ್ಯರನ್ನು ಕೇಳಿ.

ಕುಡಿದವರ ಹಾಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಉಸಿರು ಸಿಕ್ಕಿದರೆ ಆ ಗಳಿಗೆಯೇ ಕೆಳಗೆ ಇಳಿಸಿ. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಹಳೇನಕ್ಷೆ

ಪೂರ್ವ ಆಫ್ರಿಕಾ ಆಯ್ದುಕೊಂಡರೆ ಕೆರೆಗಳಲ್ಲಿ ಈಜಬೇಡಿ. ಮಲಾವಿ ಸರೋವರ, ವಿಕ್ಟೋರಿಯಾ ಸರೋವರ ನೋಡಲು ಎಷ್ಟೇ ತಿಳಿಯಾಗಿದ್ದರೂ ಅಲ್ಲಿ ಶಿಸ್ಟೊಸೋಮ ಅನ್ನುವ ಹುಳು ಇದೆ. ನೀರಿನ ಬಸವನಹುಳುವಿನಿಂದ ಹೊರಬಂದು ನಮ್ಮ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮಂಡಿವರೆಗೆ ಇಳಿದರೂ ಸಾಕು. ಇಳಿದೇ ಬಿಟ್ಟಿದ್ದರೆ ಊರಿಗೆ ಬಂದ ಮೇಲೆ ಪರೀಕ್ಷೆ ಮಾಡಿಸಿ, ಪ್ರಾಜಿಕ್ವಾಂಟಲ್ ಮಾತ್ರೆಗೆ ಗುಣವಾಗುತ್ತದೆ. ಕ್ಲೋರಿನ್ ಹಾಕಿದ ಈಜುಕೊಳ, ಸಮುದ್ರದಲ್ಲಿ ಈ ತೊಂದರೆ ಇಲ್ಲ. ಸಮುದ್ರದಲ್ಲಿ ಸೆಳೆತದ ತೊಂದರೆ ಇದೆ. ಅದು ಎಳೆದರೆ ದಡಕ್ಕೆ ನೇರವಾಗಿ ಸೆಣಸಬೇಡಿ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಬೆನ್ನುಚೀಲ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮನೆಯಲ್ಲಿ ಕೂತು ಎಲ್ಲವನ್ನೂ ಜೋರಾಗಿ ಓದಿದೆವು. ಆಂಡೀಸ್ ಬೇಡ ಅಂತ ಅಮ್ಮನೇ ತೀರ್ಮಾನ ಮಾಡಿದರು. ಔಷಧಿ ಡಬ್ಬಿಯಿಂದ ಅರ್ಧ ಹೊರಗೆ ಹೋಯಿತು. ಓಆರ್‌ಎಸ್, ಥರ್ಮಾಮೀಟರ್, ಪ್ಯಾರಾಸಿಟಮಾಲ್, ಬ್ಯಾಂಡೇಜ್, ಸೊಳ್ಳೆ ಮುಲಾಮು, ಅಮ್ಮನ ಮಾತ್ರೆ ಉಳಿದವು. ಮಗಳಿಗೆ ಕಾರಿನಲ್ಲಿ ಕೂರಲು ಬೂಸ್ಟರ್ ಸೀಟು ಮನೆಯಿಂದಲೇ ಒಯ್ಯುತ್ತೇವೆ.

ಇನ್ನೆರಡು ಪ್ರಶ್ನೆ. ವಿಮೆಯಲ್ಲಿ ಏನು ನೋಡಬೇಕು? ವಾಪಸ್ ಬಂದ ಮೇಲೆ ಏನಾದರೂ ಪರೀಕ್ಷೆ ಮಾಡಿಸಬೇಕಾ?

ರಾತ್ರಿಬಸ್ಸು

ವಿಮೆಯಲ್ಲಿ ನಾನು ಮೊದಲು ಹುಡುಕುವುದು ವೈದ್ಯಕೀಯ ಸ್ಥಳಾಂತರ ಇದೆಯಾ ಅಂತ. ಹತ್ತಿರದ ಆಸ್ಪತ್ರೆಯಲ್ಲಿ ಆಗದ ಕೆಲಸಕ್ಕೆ ಬೇರೆ ದೇಶಕ್ಕೆ ವಿಮಾನದಲ್ಲಿ ಸಾಗಿಸುವ ಖರ್ಚು ಅದು. ಕೈಯಿಂದ ಕೊಡಲು ಸಾಮಾನ್ಯ ಜನರಿಂದ ಆಗುವುದಿಲ್ಲ. ಆಮೇಲೆ, ತಾಯಿಯವರ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಪ್ರೀಮಿಯಂ ಸ್ವಲ್ಪ ಜಾಸ್ತಿ ಆದರೂ ಬರೆಯಿರಿ. ಮುಚ್ಚಿಟ್ಟರೆ ಬೇರೆ ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ. 24 ಗಂಟೆಯ ಸಹಾಯವಾಣಿ ನಂಬರ್ ನಿಮ್ಮ ಫೋನಿನಲ್ಲಿ ಮಾತ್ರ ಅಲ್ಲ, ಹೆಂಡತಿಯವರ ಪರ್ಸಿನಲ್ಲಿ ಚೀಟಿಯಲ್ಲೂ ಇರಲಿ.

ವಾರ್ಡ್‌ಡ್ಯೂಟಿ

ಆರಾಮಾಗಿ ಇದ್ದರೆ ಸುಮ್ನೆ ಪರೀಕ್ಷೆ ಬೇಡ. ಜ್ವರ ಬಂದರೆ ಮಾತ್ರ ತಡ ಮಾಡುವ ಹಾಗಿಲ್ಲ. ಮಲೇರಿಯಾ ಇರುವ ಕಡೆ ಹೋಗಿ ಬಂದವರಿಗೆ ಜ್ವರ ಬಂದರೆ, ಮಾತ್ರೆ ಸರಿಯಾಗಿ ತಗೊಂಡಿದ್ದರೂ, ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಫಾಲ್ಸಿಪಾರಮ್ ಅನ್ನುವ ಬಗೆಯ ಮಲೇರಿಯಾ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ವೈವಾಕ್ಸ್ ಅನ್ನುವ ಇನ್ನೊಂದು ಬಗೆ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳು, ಕೆಲವೊಮ್ಮೆ ವರ್ಷದ ಮೇಲೂ ಏಳುತ್ತದೆ. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ 12ರಿಂದ 24 ಗಂಟೆಯಲ್ಲಿ ಮತ್ತೆ ಮಾಡಿಸಿ.

ಒಂದು ವರ್ಷದವರೆಗೆ ಯಾವ ವೈದ್ಯರ ಬಳಿ ಜ್ವರಕ್ಕೆ ಹೋದರೂ ಎಲ್ಲಿಗೆ ಹೋಗಿದ್ದಿರಿ ಅಂತ ನೀವಾಗಿಯೇ ಹೇಳಿ. ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದಾಗ ನಾವು ಕೇಳಲು ಮರೆಯುತ್ತೇವೆ.

ಗುಡ್ಡದದಾರಿ

ಸ್ಕೂಟರ್ ಬಿಡುವುದಿಲ್ಲ. ಆದರೆ ಲೈಸೆನ್ಸ್ ತೆಗೆದು ನೋಡಿದೆ. ಕಾರು ಮಾತ್ರ ಇದೆ. ದ್ವಿಚಕ್ರದ್ದಕ್ಕೆ ಅರ್ಜಿ ಹಾಕುತ್ತೇನೆ, ಪರೀಕ್ಷೆಗೆ ಎಷ್ಟು ದಿನ ಕಾಯಬೇಕೋ.